ಸೋತವರನ್ನೂ ಕೇಳಿ

ಆ ದಿನ ಬೆಳಗಾಗುವ ಮೊದಲೇ ಗಾಳಿ ಎದ್ದಿತ್ತು. ಸುಮ್ಮನೆ ಬೀಸಿ ಹೋಗುವ ಗಾಳಿಯಲ್ಲ. ಬೀದಿಯ ಧೂಳನ್ನು ಒಳಗೂ, ಒಳಗಿನ ಮರದ ಹೊಟ್ಟನ್ನು ಬೀದಿಗೂ ಸಾಗಿಸಿ ಅದಲುಬದಲು ಮಾಡುವ ಗಾಳಿ. ಅಂಥದ್ದರಲ್ಲಿ ಒಬ್ಬ ಹೆಂಗಸು ಚೀಲವನ್ನು ಎದೆಗೆ ಅವಚಿಕೊಂಡು ಬಡಗಿಯ ಅಂಗಡಿಯ ಹೊಸ್ತಿಲು ದಾಟಿ ಬಂದಳು.

"ಜಡ್ಜುಗಳನ್ನ ಆರಿಸೋ ಸಮಿತಿಯಿಂದ ಬಂದಿದೀನಿ, ಮೇಸ್ತ್ರಿಗಳೇ. ನಿಮ್ಮ ಕೇಸು ನಡೆಸಿದ ಸಾಹೇಬ್ರನ್ನ ಮೇಲಿನ ಕೋರ್ಟಿಗೆ ತಗೊಳ್ಳೋ ಮಾತು ನಡೀತಿದೆ. ಅವರ ಬಗ್ಗೆ ನಿಮ್ಮನ್ನ ಎರಡು ಮಾತು ಕೇಳಬೇಕು."

ಹಲಗೆ ಕೀಸುತ್ತಿದ್ದ ಬಡಗಿ ಕೈ ನಿಲ್ಲಿಸಿದ. "ನನ್ನನ್ನಾ? ನಾನು ಸೋತವನಮ್ಮಾ. ಗೆದ್ದೋರು ಹಿಂದಿನ ಮನೇಲಿದ್ದಾರೆ."

"ಗೊತ್ತು. ಸೋತೋರನ್ನೇ ಕೇಳೋಕೆ ಬಂದಿದ್ದು."

ಸ್ಟೂಲಿನ ಮೇಲೆ ಕೂತಿದ್ದ ಬಡಗಿಯ ಹೆಂಡತಿಯ ತಮ್ಮ ಕಿಸಕ್ಕನೆ ನಕ್ಕ. "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಸತ್ತವನ ಹತ್ರ ಸಾಕ್ಷಿ ಕೇಳೋಕೆ ಬಂದಿದ್ದು ಇದೇ ಮೊದಲು ನೋಡಿ, ಭಾವ!"

ಬಂದವಳೂ ನಕ್ಕಳು. ಬೆಂಚಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಸರಿಸಿ ಕೂತು ವಿಷಯ ಬಿಡಿಸಿ ಹೇಳಿದಳು. ಹಿಂದೆಲ್ಲ ದೊಡ್ಡವರು ನಾಲ್ಕು ಜನ ಬಾಗಿಲು ಹಾಕಿಕೊಂಡು, ತಮಗೆ ಗೊತ್ತಿದ್ದವರಲ್ಲೇ ತಮಗೆ ಬೇಕಾದವರನ್ನು ಆರಿಸುತ್ತಿದ್ದರು. ಈಗ ಆ ಕ್ರಮ ಬದಲಾಗಿದೆ. ಯಾರನ್ನು ಮೇಲಕ್ಕೆ ಏರಿಸಬೇಕೋ ಅವರ ಕೋರ್ಟಿನಲ್ಲಿ ಸೋತುಹೋದ ಕೆಲವರ ಮಾತನ್ನೂ ಕೇಳಲೇಬೇಕು. "ಗೆದ್ದೋರಿಗೆ ಎಲ್ಲಾ ಜಡ್ಜೂ ಧರ್ಮರಾಯನೇ, ಅಲ್ವಾ?" ಎಂದಳು.

ಕೇಸು ಸಣ್ಣದು, ಅದರ ನೋವು ದೊಡ್ಡದು. ಬಡಗಿಯ ಅಣ್ಣ ತೀರಿಹೋದ ಮೇಲೆ ಅತ್ತಿಗೆ ಅಂಗಡಿಯಲ್ಲಿ ಗಂಡನ ಪಾಲು ಕೇಳಿದ್ದಳು, ಬೆತ್ತದ ಕುರ್ಚಿ ಹೆಣೆದು ಮಾರಿ ಬದುಕಿಕೊಳ್ಳುತ್ತೇನೆಂದು. ಎಲ್ಲವೂ ತನ್ನೊಬ್ಬನ ದುಡಿಮೆ ಎಂದು ಬಡಗಿ ಪಟ್ಟು ಹಿಡಿದಿದ್ದ. ಬೀದಿಗೆ ಬಾಗಿಲಿರುವ ಪಕ್ಕದ ಕೋಣೆ ಅತ್ತಿಗೆಗೆ ಸೇರಬೇಕೆಂದು ತೀರ್ಪಾಯಿತು. ಅವನಿನ್ನೂ ಬಿಟ್ಟುಕೊಟ್ಟಿರಲಿಲ್ಲ, ಅಪೀಲಿಗೆ ಓಡಾಡುತ್ತಿದ್ದ.

ಭಾವಮೈದ ಬಗ್ಗಿ ಕಿವಿಯಲ್ಲಿ ಉಸುರಿದ. "ದೇವರೇ ಕಳಿಸಿಕೊಟ್ಟ ಗಳಿಗೆ ಭಾವ. ಸಾಹೇಬ್ರು ಪಕ್ಷಪಾತ ಮಾಡಿದ್ರು ಅಂತ ಒಂದು ಮಾತು ಎಸೀರಿ. ಅವರ ಏಣಿನೂ ಜಾರುತ್ತೆ, ನಮ್ಮ ಅಪೀಲಿಗೂ ಬಲ ಬರುತ್ತೆ."

ಮಾತು ನಾಲಿಗೆಯ ತುದಿಗೇ ಬಂದಿತ್ತು. ಸಿಟ್ಟಿನ್ನೂ ಹಸಿಯಾಗಿತ್ತು. ಆದರೆ ಮನುಷ್ಯ ಸುಳ್ಳಿಗೆ ಬಾಯಿ ತೆರೆದಾಗ ಒಳಗೆ ಕೂತವನೊಬ್ಬ ಕಣ್ಣು ಬಿಟ್ಟು ನೋಡುತ್ತಾನಂತೆ. ಬಡಗಿ ತೆರೆದ ಬಾಯಿಯನ್ನು ಒಮ್ಮೆ ಮುಚ್ಚಿ, ಮತ್ತೆ ತೆರೆದ.

"ಅಮ್ಮಾ, ನನ್ನ ಕಥೆ ಕೇಳೋಕೆ ನನ್ನ ಲಾಯರಿಗೇ ಪುರುಸೊತ್ತಿರಲಿಲ್ಲ. ಜಡ್ಜ್ ಸಾಹೇಬ್ರು ಕೇಳಿದ್ರು. ನಾನು ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋದೆ. ಎದುರು ಲಾಯರು ಗಡಿಯಾರ ನೋಡ್ಕೊಂಡು ಎದ್ದ. 'ಅವರದ್ದು ಮುಗೀಲಿ, ಕೂತ್ಕೊಳ್ಳಿ' ಅಂದ್ರು. ತೀರ್ಪಿನ ದಿನ ಮೊದಲು ನನ್ನ ಕಡೆ ಮಾತನ್ನೇ ಹೇಳಿದ್ರು ನೋಡಿ, ನಾನೇ ಅಷ್ಟು ಚೆನ್ನಾಗಿ ಹೇಳಿರಲಿಲ್ಲ! ಕೇಳ್ತಾ ಕೇಳ್ತಾ ಗೆದ್ದೇಬಿಟ್ಟೆ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಸೋಲಿಸಿದ್ರು."

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಬಡಗಿ ಕೈಯಲ್ಲಿದ್ದ ಹಲಗೆಯನ್ನು ಸವರುತ್ತಲೇ ಇದ್ದ.

"ಅದಕ್ಕೂ ಮುಂಚೆ, ವಿಚಾರಣೇಲಿ, ಒಂದು ಪ್ರಶ್ನೆ ಕೇಳಿದ್ರು. 'ದೊಡ್ಡ ದಿಮ್ಮಿ ಕುಯ್ಯೋ ಗರಗಸಕ್ಕೆ ಎರಡು ಹಿಡಿ ಇರುತ್ತಲ್ಲ ಮೇಸ್ತ್ರಿ, ಇಷ್ಟು ವರ್ಷ ಆ ಕಡೆ ಹಿಡಿ ಯಾರ ಕೈಲಿತ್ತು?' ಅಂತ. ಚುಚ್ಚಿ ಕೇಳಲಿಲ್ಲ. ತಿಳ್ಕೊಳ್ಳೋಕೆ ಕೇಳಿದ ಹಾಗೆ ಕೇಳಿದ್ರು." ಅವನ ದನಿ ಇಳಿಯಿತು. "ನನ್ನಣ್ಣನ ಕೈಲಿತ್ತು ಅಮ್ಮಾ. ಆವತ್ತು ನಾನು ಬಾಯಿ ಬಿಡಲಿಲ್ಲ."

ಬರೆದುಕೊಳ್ಳುತ್ತಿದ್ದವಳು ತಲೆ ಎತ್ತಿದಳು. "ಹಾಗಾದ್ರೆ ಅವರು ಮೇಲಕ್ಕೆ ಹೋಗಬಹುದು ಅಂತೀರಾ?"

"ಹೋಗ್ಲಿ. ಮೇಲಿನ ಕೋರ್ಟಲ್ಲೂ ಸೋಲೋರು ಇರ್ತಾರಲ್ಲ. ಅವರಿಗೂ ಇಂಥವರು ಒಬ್ರು ಬೇಕು."

ಅವಳು ಗಾಳಿಯೊಳಗೆ ಇಳಿದು ಹೋದದ್ದೇ ತಡ, ಭಾವಮೈದ ಹಣೆ ಚಚ್ಚಿಕೊಂಡ. "ಕೈಗೆ ಬಂದದ್ದು ಬಾಯಿಗೆ ಬಾರದ ಹಾಗೆ ಮಾಡಿದ್ರಲ್ಲ! ನ್ಯಾಯವಂತರು ಅಂತ ನೀವೇ ಸರ್ಟಿಫಿಕೇಟ್ ಕೊಟ್ಟಮೇಲೆ ಇನ್ನು ಯಾವ ಬಾಯಲ್ಲಿ ಅಪೀಲು ಹಾಕ್ತೀರಿ?"

"ಅದೇ ಕಷ್ಟ ಕಣಯ್ಯ," ಎಂದ ಬಡಗಿ. "ಇರೋದು ಒಂದೇ ಬಾಯಿ."

ಹಿಂದಿನ ಮನೆಯ ಜಗಲಿಯಲ್ಲಿ ಅತ್ತಿಗೆ ಗಾಳಿಗೆ ಬೆನ್ನು ಮಾಡಿ ಕುರ್ಚಿ ಹೆಣೆಯುತ್ತಿದ್ದಳು. ತೀರ್ಪಿನ ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಹೆಜ್ಜೆಯ ಸದ್ದಿನಿಂದಲೇ ಯಾರೆಂದು ತಿಳಿದರೂ ಅವಳು ತಲೆ ಎತ್ತಲಿಲ್ಲ. ಬಡಗಿ ಅವಳ ಪಕ್ಕಕ್ಕೆ ಬಂದು ನಿಂತ. ಬೀದಿ ಕೋಣೆಯ ಕೀಲಿಯನ್ನು ಅರ್ಧ ಹೆಣೆದ ಆ ಕುರ್ಚಿಯ ಮೇಲೆ ಇಟ್ಟು ತಿರುಗಿ ನಡೆದ. ಬೆತ್ತದ ಹೆಣಿಗೆಯ ಕಣ್ಣುಗಳು ಇನ್ನೂ ದೊಡ್ಡವಾಗಿದ್ದವು. ಕೀಲಿ ಜಾರಿ ನೆಲಕ್ಕೆ ಬೀಳುವ ಮೊದಲೇ ಅವಳು ಕೆಳಗೆ ಅಂಗೈ ಒಡ್ಡಿದಳು.