ಮೊದಲ ಗುಟುಕು

ಸಾರಿಗೆ ಬೆಲ್ಲ ಹಾಕಿದ್ದಕ್ಕೆ ಸುಗುಣಾಳ ಹುಬ್ಬು ಒಡೆಯಿತು. ಗಂಡ ಜಯರಾಜ ಎಸೆದ ಸ್ಟೀಲ್ ಬಟ್ಟಲು ಅವಳ ಹಣೆಗೆ ಬಡಿದು, ಗೋಡೆಗೆ ತಾಗಿ, ಕಾರ್ಪೆಟ್ಟಿನ ಮೇಲೆ ಉರುಳಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ದೊಡ್ಡ ವಿಜ್ಞಾನಿ ಆತ, ಗುರಿ ತಪ್ಪುವವನಲ್ಲ.

"ಈ ಮನೆಯಲ್ಲಿ ಯಾವುದಕ್ಕೂ ಬೆಲ್ಲ ಹಾಕುವ ಕ್ರಮ ಇಲ್ಲ ಅಂತ ಎಷ್ಟು ಸಲ ಹೇಳಬೇಕು ನಿನಗೆ?"

ಸುಗುಣಾ ಉಡುಪಿಯವಳು. ಬೆಲ್ಲವಿಲ್ಲದ ಸಾರು ಅವಳಿಗೆ ಸಾರೇ ಅಲ್ಲ. ಕೈ ತನ್ನಷ್ಟಕ್ಕೆ ಡಬ್ಬಕ್ಕೆ ಹೋಗಿತ್ತು, ಅಷ್ಟೆ. ಅತ್ತೆ ರತ್ನಾವತಿ ಮೇಜಿನ ಆಚೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಂಗಳೂರಿನಿಂದ ಬಂದು ವರ್ಷವಾಗುತ್ತಾ ಬಂದರೂ ಮಗನ ಕೈ ತಡೆದದ್ದಿಲ್ಲ, ಬೇಡ ಅಂದದ್ದಿಲ್ಲ. ಉಳಿದ ಬೆಲ್ಲವನ್ನೂ ಬಿಸಾಡು ಎಂದು ಅವನು ಗದರಿದಾಗ ಅವರೇ ಎದ್ದು ಉಂಡೆಯನ್ನು ಎತ್ತಿಕೊಂಡು ಹೊರಗೆ ಹೋದರು. ಸೊಸೆಯ ರಕ್ತದ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲು ಅಂದರೆ ಕಲ್ಲು ಆ ಹೆಂಗಸು.

ಆವತ್ತೇ ಸಂಜೆ ಜಯರಾಜ ಗ್ಯಾರೇಜಿನಲ್ಲಿ ತನ್ನ ಪೋರ್ಟರನ್ನು ಬಾಟಲಿಗೆ ತುಂಬಿದ. ಪೋರ್ಟರ್ ಅಂದರೆ ಡಿಕಾಕ್ಷನ್ನಿನಷ್ಟು ಕಪ್ಪಗಿನ, ಅಷ್ಟೇ ಕಹಿಯಾದ ಬಿಯರು. ಮನೆಯಲ್ಲೇ ಬಿಯರು ಮಾಡುವ ಹುಚ್ಚು ಆ ಎಂಬತ್ತಾರರಲ್ಲಿ ಅವರಿದ್ದ ಫಾಸ್ಟರ್ ಸಿಟಿಯ ಗ್ಯಾರೇಜುಗಳಿಗೂ ಹೊಕ್ಕಿತ್ತು. ಇವನದಕ್ಕೆ ಚಿಕ್ಕಮಗಳೂರಿನ ಕಾಫಿ, ಮೇಲೆ ಏಲಕ್ಕಿ. ಸಹಾಯಕ್ಕೆ ಬಂದಿದ್ದ ಸ್ನೇಹಿತ ಗುರುದತ್ತನಿಗೆ ಪಾಠ ಬೇರೆ: ಮುಚ್ಚಳ ಒತ್ತುವ ಮೊದಲು ಅಳೆದು ಚೂರು ಸಕ್ಕರೆ, ಯೀಸ್ಟು ಅದನ್ನು ತಿಂದು ಗ್ಯಾಸು ಬಿಡುತ್ತದೆ, ಅಳತೆ ಹೆಚ್ಚಾದರೆ ಕೆಲಸ ಕೆಟ್ಟಿತು, ಹೀಗೆ. ಗುರುದತ್ತ ಆಕಳಿಸಿದ. ಅತ್ತೆ ವಾಷಿಂಗ್ ಮಷೀನಿನಿಂದ ಬಟ್ಟೆ ತೆಗೆಯುತ್ತಾ ಅಲ್ಲೇ ನಿಂತಿದ್ದರು.

ಹೊಸ ಬಿಯರಿನ ಮೊದಲ ಗುಟುಕು ಯಾವಾಗಲೂ ಸುಗುಣಾಳದು. ಅದೇನೋ ಮರ್ಯಾದೆ ಅಂದುಕೊಂಡಿರಾ? ಕಹಿಗೆ ಅವಳು ಮುಖ ಹಿಂಡಿದರೆ ಜಯರಾಜ ನಾಲ್ಕು ಜನರ ಎದುರು ನಗುತ್ತಿದ್ದ. ಜನ ಹೋದ ಮೇಲೆ, ತನ್ನ ಮಾನ ಕಳೆದಳೆಂದು ಹೊಡೆಯುತ್ತಿದ್ದ.

ಮರುದಿನ ಅವನು ಲ್ಯಾಬಿಗೆ ಹೋದ ಮೇಲೆ ಗ್ಯಾರೇಜಿನಲ್ಲಿ ಏನೋ ಸದ್ದಾಯಿತು. ಸುಗುಣಾ ಬಾಗಿಲ ಸಂದಿಯಿಂದ ಇಣುಕಿದಳು. ಅತ್ತೆ ಒಂದು ಬಾಟಲಿಯ ಮುಚ್ಚಳ ಕಿತ್ತು, ಸೆರಗಿನಿಂದ ಏನೋ ತೆಗೆದು ಒಳಗೆ ಹಾಕಿ, ಹೊಸ ಮುಚ್ಚಳ ಇಟ್ಟು, ಮುಚ್ಚಳ ಬಿಗಿಸುವ ಯಂತ್ರದ ಹಿಡಿ ಒತ್ತಿದರು. ಆಮೇಲೆ ಕೈ ತೊಳೆದರು. ಮತ್ತೊಮ್ಮೆ ತೊಳೆದರು.

ಸುಗುಣಾ ಬಾಗಿಲಿನಿಂದ ಹಿಂದೆ ಸರಿದಳು. ಮಕ್ಕಳಾಗದ ಇವಳ ಬದಲಿಗೆ ಊರಲ್ಲಿ ಬೇರೆ ಹುಡುಗಿ ನೋಡು ಎಂದು ಜಯರಾಜ ತಾಯಿಗೆ ಹೇಳಿದ್ದ. ಅವರು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಮೊದಲ ಗುಟುಕು ಯಾರದೆಂದು ಅವರಿಗೆ ಗೊತ್ತಿಲ್ಲವೇ? ಆ ಕಪ್ಪು ಕಹಿಯಲ್ಲಿ ಇಲಿ ಪಾಷಾಣ ಬೆರೆಸಿದರೂ ಯಾವ ನಾಲಿಗೆಗೆ ತಿಳಿದೀತು! ಗಂಡನಿಗೆ ಹೇಳೋಣವೆಂದರೆ, ಹೆತ್ತ ತಾಯಿಯ ಮೇಲೆ ದೂರು ಹೇಳಿದವಳ ಇನ್ನೊಂದು ಹುಬ್ಬೂ ಉಳಿಯುತ್ತಿರಲಿಲ್ಲ. ಆ ಬಾಟಲಿಯನ್ನು ಚೆಲ್ಲಿಬಿಡೋಣವೆಂದು ಹುಡುಕಿದಳು. ಅತ್ತೆ ಅದನ್ನು ಎಲ್ಲಿ ಅಡಗಿಸಿಟ್ಟರೋ, ಸಿಗಲಿಲ್ಲ.

ಮೂರು ವಾರ ಕಳೆದು ಭಾನುವಾರ ಮಧ್ಯಾಹ್ನ ರುಚಿ ನೋಡುವ ದಿನ ಬಂತು. ಗುರುದತ್ತ ಸೋಫಾದಲ್ಲಿ ಕೂತ. ಜಯರಾಜ ಹೆಂಡತಿಯ ಮಣಿಕಟ್ಟು ತಿರುಚಿ ಎಳೆದು ತಂದು ಗ್ಲಾಸು ಹಿಡಿಸಿದ.

"ಮುಖ ಹಿಂಡಿದರೆ ಗೊತ್ತುಂಟಲ್ಲ?"

ಅತ್ತೆ ತಾವೇ ಹೋಗಿ ಗ್ಯಾರೇಜಿನ ವಾಟರ್ ಹೀಟರಿನ ಹಿಂದಿನಿಂದ ಬಾಟಲಿ ತಂದರು. ದಪ್ಪ ಟವೆಲಿನಲ್ಲಿ ಸುತ್ತಿ, ಮೈಯಿಂದ ದೂರ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ತಂದು ಮಗನ ಮುಂದೆ ಇಟ್ಟರು. ಅದೇ ಬಾಟಲಿ. ಹೊಡೆದು ಕೊಂದರೂ ಸರಿ, ಕುಡಿಯುವುದಿಲ್ಲ ಎಂದು ಸುಗುಣಾ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕರೆದರು. "ಸುಗುಣಾ, ಇಲ್ಲಿ ಬಾ. ಗುರುದತ್ತ, ನೀನೂ ಬಾ ಮಾರಾಯ, ಮೇಲಿನ ಹಪ್ಪಳದ ಡಬ್ಬ ಇಳಿಸಿ ಕೊಡು."

ಆ ಧ್ವನಿಯಲ್ಲಿ ಅಪ್ಪಣೆಯಿತ್ತು. ಜಯರಾಜ ಗೊಣಗಿದ, ಬೇಗ ಬಂದು ಸಾಯಿ ಎಂದ. ಇಬ್ಬರೂ ಒಳಗೆ ಹೋದರು. ಅವನು ಎಂದಿನಂತೆ ಬಾಟಲಿಯನ್ನು ಕಿವಿಗೆ ಹಿಡಿದು ಬೆರಳಿನಿಂದ ತಟ್ಟಿದ. ಮುಚ್ಚಳ ತೆಗೆಯುವ ಮೊದಲು ಗುಳ್ಳೆಯ ಸದ್ದು ಕೇಳುವುದು ಅವನ ಚಾಳಿ.

ಕೋವಿ ಹಾರಿದಂಥ ಸದ್ದಾಯಿತು.

ಓಡಿ ಬಂದು ನೋಡಿದರೆ ಗೋಡೆಯ ತುಂಬ ಕಪ್ಪು ನೊರೆ, ಕೆಂಪು ರಕ್ತ. ಜಯರಾಜನ ಮುಖದ ಒಂದು ಪಕ್ಕವೇ ಹರಿದಿತ್ತು. ಕುತ್ತಿಗೆಗೆ ನಾಟಿದ ಗಾಜನ್ನು ಕೀಳಲು ಹೋಗಿ ಬಿದ್ದಿದ್ದ. ಬೆರಳ ಸಂದಿಯಿಂದ ರಕ್ತ ಚಿಮ್ಮುತ್ತಿತ್ತು. ಸುಗುಣಾ ಟವೆಲ್ ಒತ್ತಿ ಹಿಡಿದಳು. ಗುರುದತ್ತ ಫೋನಿಗೆ ಓಡಿದ. ಆಂಬುಲೆನ್ಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆ ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬೋರೆಂದು ಅತ್ತರು. ಆ ಅಳು ಸುಳ್ಳಾಗಿರಲಿಲ್ಲ.

ಬಾಟಲಿ ಹೇಗೆ ಸಿಡಿಯಿತು ಎಂದು ಪೊಲೀಸ್ ಅಧಿಕಾರಿ ಅಡುಗೆಮನೆಯಲ್ಲಿ ಕೂತು ಕೇಳಿದ. ಗುರುದತ್ತ ಹೊರಗೆ ಹುಲ್ಲಿನ ಮೇಲೆ ವಾಂತಿ ಮಾಡುತ್ತಿದ್ದ. ಅತ್ತೆ ಕಣ್ಣೊರೆಸಿಕೊಂಡು ಎದ್ದು, ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಬಿಸಾಡು ಎಂದಿದ್ದ ಅದೇ ಬೆಲ್ಲ, ಅರ್ಧ ಖರ್ಚಾಗಿತ್ತು.

"ನಾನೇ ಹಾಕಿದ್ದು. ಅವ ಬಾಟ್ಲಿ ಕಿವಿಗೆ ಹಿಡಿಯುವುದು ಗೊತ್ತುಂಟು. ಗೊತ್ತಿದ್ದೇ ಹಾಕಿದ್ದು," ಎಂದರು ಕನ್ನಡದಲ್ಲಿ. "ಇವರಿಗೆ ಹೇಳು, ಮಗಳೇ."

ಏನು ಹೇಳುತ್ತಿದ್ದಾರೆ ಎಂದು ಅಧಿಕಾರಿ ಸುಗುಣಾಳ ಕಡೆ ತಿರುಗಿದ. ಅವಳು ಹುಬ್ಬಿನ ಗಾಯವನ್ನು ಒಮ್ಮೆ ಸವರಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು:

"ಕಹಿಯಾಗಿರುತ್ತಲ್ಲ ಅಂತ ಹಾಕಿದರಂತೆ ಸರ್, ಪಾಪ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದು ಚೂರು ಬೆಲ್ಲ ಹಾಕುವ ಕ್ರಮ."