ಕೌದಿಯ ಹೊಟ್ಟೆ

ಕೂಸು ಮತ್ತೆ ಚೀರತೊಡಗಿತು. ಈಗಷ್ಟೇ ಹೊಟ್ಟೆ ತುಂಬ ಹಾಲು ಕುಡಿದು, ತೇಗಿ, ತಾಯಿ ರೋಹಿಣಿಯ ಹೆಗಲ ಮೇಲೆಯೇ ಕಣ್ಣು ಮುಚ್ಚಿತ್ತು. ತೊಟ್ಟಿಲಿಗೆ ಹಾಕಿ ತೂಗುವುದರೊಳಗೆ ಮತ್ತೆ ಅದೇ ಹಸಿದ ದನಿ. ನಿನ್ನೆ ಮಧ್ಯಾಹ್ನ ತವರಿನಿಂದ ಬಂದಾಗಿನಿಂದ ಇದೇ ಕಥೆ. ತೋಳಲ್ಲಿದ್ದರೆ ನಗು, ತೊಟ್ಟಿಲಲ್ಲಿ ಹಸಿವು.

“ನಮ್ಮೂರಾಗ ಹಿಂಗ ಅಳ್ತಿದ್ದಿಲ್ರಿ ಅತ್ತಿ,” ಎಂದಳು ರೋಹಿಣಿ. ನಿದ್ದೆಯಿಲ್ಲದೆ ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಮೊದಲ ಮಗಳನ್ನು ಹಾಲುಗೂಸಾಗಿದ್ದಾಗಲೇ ಮಣ್ಣಿಗೆ ಕೊಟ್ಟವಳು ಅವಳು. ಈ ಮಗ ಒಂದು ಸಲ ಕೆಮ್ಮಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅತ್ತೆ ಮಹಾದೇವಕ್ಕ ತೊಟ್ಟಿಲಲ್ಲಿ ಹಾಸಿದ್ದ ಕೌದಿಯನ್ನು ನೋಡಿ ತನ್ನ ಮಗಳತ್ತ ತಿರುಗಿದಳು. “ಶಾಂಭವಿ, ಇದರ ಹೊಟ್ಟಿ ತುಂಬಿಸಿದ್ದಿ ಇಲ್ಲ?”

ಶಾಂಭವಿ ಧಾರವಾಡದಲ್ಲಿ ಪರಿಸರ ವಿಜ್ಞಾನ ಓದಿ, ಎಂ.ಎಸ್ಸಿ. ಮುಗಿಸಿ ಬಂದವಳು. ಹೊಸದನ್ನು ಕೊಳ್ಳಬಾರದು, ಹಳೆಯದನ್ನು ಬಿಸಾಡಬಾರದು ಎಂಬುದು ಅವಳ ವ್ರತ. ಅವಳು ಬಂದ ಮೇಲೆ ಆ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೂ ಸಾಯುವ ಹಕ್ಕು ಇರಲಿಲ್ಲ. ಅಣ್ಣ ತನ್ನ ಕೂಸಿಗೆಂದು ಹುಬ್ಬಳ್ಳಿಯಿಂದ ತರಬೇಕೆಂದಿದ್ದ ಹಾಸಿಗೆಯನ್ನು ಅವಳೇ ಬೇಡವೆಂದಳು. ಬೇಸಿಗೆಯಿಡೀ ಪಡಸಾಲೆಯಲ್ಲಿ ಕೂತು ಕೌದಿ ಹೊಲಿದಳು. ಅಪ್ಪನ ತಲೆಗೆ ಸುತ್ತುವ ಪಟಗ, ಅವ್ವನ ಇಳಕಲ್ಲ ಸೀರೆ, ನೀರಿಳಿದ ಹಳ್ಳದಲ್ಲಿ ಜಾಲಿಮುಳ್ಳಿಗೆ ಸಿಕ್ಕಿ ಜೋತಾಡುತ್ತಿದ್ದ ಅರಿವೆ ಚೂರುಗಳು, ಎಲ್ಲವನ್ನೂ ಅಂಟವಾಳದ ನೊರೆಯಲ್ಲಿ ತೊಳೆದು ಒಣಗಿಸಿ ಸೇರಿಸಿದ್ದಳು. ಒಂದನ್ನು ಮಾತ್ರ ಬಿಟ್ಟಿದ್ದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಚೂರು ಬೆಲ್ಲ ಇಡುವುದು ಆ ಮನೆಯ ಹೆಂಗಸರ ರೂಢಿ. ಅದಕ್ಕೇ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು.

“ಇರಿವಿ ಮುತ್ತತಾವಬೇ ಅವ್ವ. ಅರಿವಿಗೆಲ್ಲಿ ಹಸಿವಿ? ತಿನ್ನೂದನ್ನ ಯಾಕ ಹಾಳ ಮಾಡಬೇಕು?”

“ಬೆಲ್ಲದ ಚಿಂತಿ ನಿನಗ. ಕೂಸಿನ ನಿದ್ದಿ ಹಾಳಾಗಾಕ ಹತ್ತೇತಿ, ಅದು ಕಾಣವಲ್ದು,” ಎಂದು ಗೊಣಗುತ್ತ ಮಹಾದೇವಕ್ಕ ಬೆಲ್ಲ ತರಲು ಅಡಿಗೆಮನೆಗೆ ಹೋದಳು.

ಶಾಂಭವಿಗೆ ನಗು ಬಂತು. ಆದರೂ ಅವ್ವನ ಸಮಾಧಾನಕ್ಕೆ ಒಂದು ಹೊಲಿಗೆ ಬಿಚ್ಚೋಣವೆಂದು ಎದ್ದಳು. ರೋಹಿಣಿ ಮಗನನ್ನು ಎತ್ತಿಕೊಂಡಳು. ಎತ್ತಿದ್ದೇ ತಡ, ಅಳು ನಿಂತಿತು. ಶಾಂಭವಿ ಕೌದಿ ಹಿಡಿದೆಳೆದಾಗ ಕಾಲಕಡೆಯ ಒಂದು ಮೂಲೆ ಕೈಗೆ ಒದ್ದೆಯಾಗಿ ಹತ್ತಿತು. ಉಚ್ಚೆ ಇರಬೇಕೆಂದು ಮೂಗಿನ ಹತ್ತಿರ ಹಿಡಿದಳು. ಹಾಲಿನ ವಾಸನೆ.

ಕೂಸು ಕಕ್ಕಿದ್ದರೆ ತಲೆಯ ಕಡೆ ಒದ್ದೆಯಾಗಬೇಕಿತ್ತು. ಬೆಳಿಗ್ಗೆಯೂ ಇದೇ ಮೂಲೆ ತೊಯ್ದಿತ್ತು. ಉಚ್ಚೆಯೆಂದುಕೊಂಡು ಅವಳೇ ಹಿಂಡಿ ಬಿಸಿಲಿಗೆ ಹಾಕಿದ್ದಳು. ಈಗ ಮತ್ತೆ ಒತ್ತಿ ನೋಡಿದಳು. ಬೆರಳ ಸಂದಿಯಲ್ಲಿ ಬೆಳ್ಳಗೆ ಒಂದು ಹನಿ ಇಳಿಯಿತು. ಅದು ಇನ್ನೂ ಬೆಚ್ಚಗಿತ್ತು. ಶಾಂಭವಿ ಥಟ್ಟನೆ ಕೌದಿಯನ್ನು ತೊಟ್ಟಿಲಿಗೇ ಬಿಟ್ಟಳು.

“ಏನಾತು?” ಎನ್ನುತ್ತ ರೋಹಿಣಿ ಬಗ್ಗಿದಳು. ಮಡಚಿಕೊಂಡಿದ್ದ ಮೂಲೆ ಬಿಚ್ಚಿಕೊಂಡಿತು. ಹಳದಿ ತುಂಡು, ಅದರ ಮೇಲೆ ಹಸಿರು ದಾರದ ಗಿಣಿ. ಗಿಣಿಗೆ ಕಣ್ಣಿರಲಿಲ್ಲ.

ಕಣ್ಣಿರಬೇಕಾದ ಜಾಗದ ಮೇಲೆ ರೋಹಿಣಿ ಬೆರಳಾಡಿಸಿದಳು. ಆಮೇಲೆ, “ಇದು ನಿನಗೆಲ್ಲಿ ಸಿಕ್ತು?” ಎಂದಳು.

“ಹಳ್ಳದಾಗ, ವೈನಿ. ಜಾಲಿ ಕಂಟಿಗೆ ಸಿಕ್ಕೊಂಡಿತ್ತು. ಗಿಣಿ ಚಂದ ಐತಂತ...”

“ನಾನ ಹಾಕಿದ ಗಿಣಿ ಇದು. ಕರೀ ದಾರ ತೀರಿತ್ತು, ಕಣ್ಣ ನಾಳೆ ಹಾಕೂಣು ಅಂದಿದ್ನಿ. ನನ್ನ ಮೊದಲನೇಕಿ ಜುಬ್ಲಾ ಅಂಗಿ. ಆಕಿನ್ನ ಮಣ್ಣ ಮಾಡಿ ಬಂದ ಮ್ಯಾಲ ನಮ್ಮೂರ ಹಳ್ಳಕ್ಕ ನಾನ ಬಿಟ್ಟ ಬಂದಿದ್ನಿ.”

ಅವಳ ತವರೂರು ಅದೇ ಹಳ್ಳದ ಮೇಲ್ಗಡೆ. ಆ ಕೂಸು ಹುಟ್ಟಿದ್ದು, ಹೋದದ್ದು ಎಲ್ಲ ಅಲ್ಲೇ. ಇನ್ನೊಂದು ವಾರದಲ್ಲಿ ಈ ಮನೆಗೆ ಕರೆತರಬೇಕು ಎನ್ನುವಾಗ ಜ್ವರ ಬಂದಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿದ್ದ ಶಾಂಭವಿ ಅದರ ಮುಖವನ್ನೂ ನೋಡಿರಲಿಲ್ಲ.

ಅವಳು ಓಡಿಹೋಗಿ ಕತ್ತರಿ ತಂದಳು. “ಬಿಚ್ಚತೀನಿ ವೈನಿ. ಈಗಿಂದೀಗ ಸುಟ್ಟ ಬಿಡ್ತೀನಿ.” ಹೇಳಿದ ಮೇಲೆ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು.

“ಬ್ಯಾಡ,” ಎಂದಳು ರೋಹಿಣಿ. “ಒಮ್ಮಿ ಕೈಬಿಟ್ಟೀನಿ. ಇನ್ನ ಸಾಕು.”

ಮಗನನ್ನು ಶಾಂಭವಿಯ ತೋಳಿಗೆ ಕೊಟ್ಟು, ಗೋಡೆಗೆ ಆತು ಕೂತಳು. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಆ ಮೂಲೆಯನ್ನು ಮೆಲ್ಲಗೆ ಸೆರಗಿನೊಳಗೆ ತೆಗೆದುಕೊಂಡಳು. ಬೆಲ್ಲ ಹಿಡಿದು ಬಂದ ಮಹಾದೇವಕ್ಕ ಬಾಗಿಲಲ್ಲೇ ನಿಂತಳು. ಶಾಂಭವಿಯ ತೋಳಲ್ಲಿದ್ದ ಕೂಸು ಅಳಲಿಲ್ಲ. ತಾಯಿಯ ಸೆರಗನ್ನೇ ಎವೆಯಿಕ್ಕದೆ ನೋಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಸೆರಗಿನ ಕೆಳಗಿಂದ ಗುಟುಕು ಗುಟುಕಾಗಿ ಕುಡಿಯುವ ಸಪ್ಪಳ ಕೇಳಿಸಿತು.

“ಸಾವಕಾಶ, ನನ್ನವ್ವ,” ಎಂದಳು ರೋಹಿಣಿ, ತಲೆ ಬಗ್ಗಿಸಿ. “ನಿನ್ನ ತಮ್ಮಗೂ ಒಂಚೂರು ಉಳಸು.”