ಅಧ್ಯಕ್ಷರ ಮಗಳ ಗಣಿತ

ಸರ್ಕಾರಿ ಹೈಸ್ಕೂಲಿಗೆ ಗಣಿತದ ಮೇಷ್ಟ್ರು ಬೇಕೆಂದು ಪೋಷಕರ ಸಂಘದ ಅಧ್ಯಕ್ಷ ಬೋರಲಿಂಗಪ್ಪ ಮೂರು ವರ್ಷ ಬಿಇಒ ಕಚೇರಿಯ ಮುಂದೆ ಗಂಟಲು ಹರಿದುಕೊಂಡಿದ್ದ. ಮೇಷ್ಟ್ರು ಬಂದದ್ದು ಈ ವರ್ಷ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅವನು ಎಲ್ಲರಿಗಿಂತ ಮೊದಲೇ ಹೆಡ್‌ಮಾಸ್ಟರರ ಕೋಣೆಯಲ್ಲಿ ಹಾಜರಿದ್ದ.

"ನಿಮ್ಮ ಹೋರಾಟ ಗೆದ್ದಿತು ಅಧ್ಯಕ್ಷರೇ! ಗಣಿತದಲ್ಲಿ ಒಬ್ಬರೂ ಫೇಲಿಲ್ಲ" ಎಂದರು ಹೆಡ್‌ಮಾಸ್ಟರರು.

"ನಮ್ ಹುಡುಗೀನೂ?"

"ಅವಳೂ ಪಾಸು. ಸರಿಯಾಗಿ ಮೂವತ್ತೈದು."

ಬೋರಲಿಂಗಪ್ಪ ಕುರ್ಚಿಯಲ್ಲಿ ಕುಸಿದು ಕೂತ.

"ಅಂದ್ರೆ ಅವಳು ಇನ್ಮೇಲೆ ಈ ಸ್ಕೂಲಲ್ಲಿ ಇರಲ್ಲ?"

"ಫೇಲಾಗಿದ್ರೆ ಮತ್ತೆ ಹತ್ತನೇ ಕ್ಲಾಸಿಗೇ ಸೇರಿಸ್ಕೋತಿದ್ವಿ. ಪಾಸಾದವಳನ್ನ ಇಟ್ಕೊಂಡು ಏನ್ ಮಾಡ್ಲಿ? ಕಾಲೇಜಿಗೆ ಕಳಿಸಿ."

"ಮತ್ತೆ ನನ್ ಅಧ್ಯಕ್ಷಗಿರಿ?"

"ಇಲ್ಲಿ ಮಕ್ಕಳು ಓದ್ತಾ ಇರೋರು ಮಾತ್ರ ಸಂಘದಲ್ಲಿ ಇರಬೇಕು ಅಂತ ನೀವೇ ಠರಾವು ಮಾಡಿಸಿದ್ರಲ್ಲ, ಹಳೇ ಅಧ್ಯಕ್ಷರನ್ನ ಇಳಿಸೋಕೆ?"

ಹೌದು, ಆ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ತಾನೇ. ಬೋರಲಿಂಗಪ್ಪ ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ.

"ಮರುಮೌಲ್ಯಮಾಪನಕ್ಕೆ ಹಾಕಿದ್ರೆ, ಒಂದು ಮಾರ್ಕು ಕಮ್ಮಿ ಆಗೋ ಚಾನ್ಸೂ ಇರುತ್ತಾ ಸಾರ್?"